ಮಂಡಿಯ ಬಳಿ ಎಲುಬು ಒಡೆದಾಗ: ಪ್ಲೇಟ್, ರಿಂಗ್, ಹೊಸ ಕೀಲುಗಳ ನಡುವೆ ಆಯ್ಕೆ

ವಾರಕ್ಕೊಂದಾದರೂ ಎಕ್ಸ್‌ರೇ ನನ್ನ ಮೊಬೈಲಿಗೆ ಬರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ಫೋಟೊ. ಹಿಂದೆ ತೆಂಗಿನ ಗರಿಯೋ ಆಸ್ಪತ್ರೆಯ ಹಸಿರು ಪರದೆಯೋ ಮಸುಕಾಗಿ ಕಾಣುತ್ತಿರುತ್ತದೆ. ಕೆಳಗೆ ಒಂದೇ ಸಾಲು: "ಅಕ್ಕಾ, ಒಬ್ಬರು ಪ್ಲೇಟ್ ಹಾಕಬೇಕು ಎನ್ನುತ್ತಾರೆ, ಇನ್ನೊಬ್ಬರು ರಿಂಗ್ ಎನ್ನುತ್ತಾರೆ. ಯಾವುದು ಮಾಡಿಸಲಿ?"

ಪ್ಲೇಟ್ ಎಂದರೆ ಚರ್ಮದ ಒಳಗೆ ಎಲುಬಿಗೆ ಕೂರಿಸುವ ಲೋಹದ ಪಟ್ಟಿ, ರಿಂಗ್ ಎಂದರೆ ಹೊರಗೆ ಕಾಲಿನ ಸುತ್ತ ಕಟ್ಟುವ ಲೋಹದ ಬಳೆ. ನಾನು ಆಪರೇಷನ್ ಮಾಡುವವಳಲ್ಲ, ಉತ್ತರ ಕನ್ನಡದ ಕುಮಟಾದಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಹೊಲಿಗೆ ಬಿಚ್ಚಿ, ಹಣ್ಣು ಹಿಡಿದು ನೋಡಲು ಬರುವ ನೆಂಟರೆಲ್ಲ ಬಂದುಹೋದ ಮೇಲೆ, ಮಡಿಸಲಾಗದ ಮಂಡಿಯೊಡನೆ ಜನ ನನ್ನಲ್ಲಿಗೆ ಬರುತ್ತಾರೆ. ಹಾಗಾಗಿ ಯಾವ ಚಿಕಿತ್ಸೆ ಮೂರು ತಿಂಗಳಿಗೆ ಹೇಗಿರುತ್ತದೆ, ವರ್ಷಕ್ಕೆ ಹೇಗಿರುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಯಾವ ಎಲುಬಿಗೆ ಯಾವ ಲೋಹ ಎಂಬುದನ್ನು ನಿಮ್ಮ ಶಸ್ತ್ರಚಿಕಿತ್ಸಕರೇ ಹೇಳಬೇಕು. ಅವರು ಎರಡು ದಾರಿ ತೋರಿಸಿ "ನೀವೇ ಯೋಚಿಸಿ" ಎಂದಾಗ ಏನನ್ನು ಯೋಚಿಸಬೇಕು ಎಂಬುದನ್ನು ನಾನು ಹೇಳಬಲ್ಲೆ.

ಹೀಗೆ ಕೇಳಿದವರಲ್ಲಿ ಮೂವರನ್ನು ಇಲ್ಲಿ ನೆನೆಯುತ್ತೇನೆ. ಶಿರಸಿ ಕಡೆಯ ಒಬ್ಬ ಕೊನೆಗೌಡ, ಎಂದರೆ ಅಡಿಕೆ ಮರ ಹತ್ತುವ ಕೆಲಸದವ. ಮಳೆಗಾಲದಲ್ಲಿ ಕೊಳೆರೋಗದ ಮದ್ದು ಹೊಡೆಯಲು ಹತ್ತಿದ್ದ ಅಡಿಕೆ ಮರದಿಂದ ಜಾರಿ ಬಿದ್ದು, ಮಂಡಿಯ ಕೆಳಗಿನ ಎಲುಬಿನ ತಲೆ ಎರಡೂ ಬದಿಗೆ ಸೀಳಿತ್ತು. ಹೊನ್ನಾವರದ ಬಳಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಇಪ್ಪತ್ನಾಲ್ಕು ವರ್ಷದ ಹುಡುಗ. ಅವನಿಗೆ ಹೊರಬದಿ ಮಾತ್ರ ಒಡೆದು, ಕೀಲಿನ ಮೇಲ್ಮೈ ಒಳಕ್ಕೆ ಕುಸಿದಿತ್ತು. ಕಾರವಾರದಲ್ಲಿ ಹಿತ್ತಿಲ ಪಾಚಿಯ ಮೇಲೆ ಜಾರಿದ ಎಪ್ಪತ್ತಾರರ ಅಜ್ಜಿ. ಅವರಿಗೆ ಮುರಿದದ್ದು ತೊಡೆಯೆಲುಬಿನ ಕೆಳತುದಿ. ಮೂವರ ಮನೆಯವರೂ "ಮಂಡಿ ಮುರಿದಿದೆ" ಎಂದೇ ಹೇಳಿದರು. ಮೂವರಿಗೂ ಸರಿಹೊಂದಿದ ಚಿಕಿತ್ಸೆ ಮಾತ್ರ ಬೇರೆ ಬೇರೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಕಾಲೆಲುಬಿನ ಚಪ್ಪಟೆಯಾದ ಮೇಲ್ತಲೆಗೆ ವೈದ್ಯರು 'ಟಿಬಿಯಲ್ ಪ್ಲ್ಯಾಟೋ' ಎನ್ನುತ್ತಾರೆ. ಚೀಟಿಯಲ್ಲಿ ಅದನ್ನು ಓದಿ "ಆಗಲೇ ಪ್ಲೇಟ್ ಎಂದು ಬರೆದುಬಿಟ್ಟಿದ್ದಾರೆ" ಎಂದು ಗಾಬರಿಯಾದವರಿದ್ದಾರೆ. ಅದು ಎಲುಬಿನ ಭಾಗದ ಹೆಸರು, ಲೋಹದ ಹೆಸರಲ್ಲ. ಅದರ ಮುಂದೆ ಒಂದರಿಂದ ಆರರವರೆಗಿನ ಅಂಕಿ ಇದ್ದರೆ ಅದು ಶಾಟ್ಸ್‌ಕರ್ ವಿಂಗಡಣೆ. ಟೊರಾಂಟೊದ ವೈದ್ಯ ಜೋಸೆಫ್ ಶಾಟ್ಸ್‌ಕರ್ ಮತ್ತು ಸಂಗಡಿಗರು 1979 ರಲ್ಲಿ ಪ್ರಕಟಿಸಿದ ಇದು ಇಂದಿಗೂ ಬಳಕೆಯಲ್ಲಿದೆ. ಒಂದರಿಂದ ಮೂರರವರೆಗಿನವು ಹೊರಬದಿಯ ಮುರಿತಗಳು. ನಾಲ್ಕು ಒಳಬದಿಯದು, ಚಿತ್ರದಲ್ಲಿ ಸಣ್ಣದಾಗಿ ಕಂಡರೂ ರಕ್ತನಾಳ ಮತ್ತು ನರಗಳಿಗೆ ಪೆಟ್ಟಾಗುವ ಸಂಭವ ಇದರಲ್ಲಿ ಹೆಚ್ಚು. ಐದರಲ್ಲಿ ಎರಡೂ ಬದಿ ಒಡೆದಿರುತ್ತದೆ. ಆರರಲ್ಲಿ ಎಲುಬಿನ ತಲೆಯೇ ಕಾಂಡದಿಂದ ಬೇರ್ಪಟ್ಟಿರುತ್ತದೆ. ನಿಮ್ಮದು ಎಷ್ಟನೆಯದು ಎಂದು ಕೇಳಿ ತಿಳಿದುಕೊಳ್ಳಿ. ಎರಡನೆಯ ವೈದ್ಯರ ಅಭಿಪ್ರಾಯ ಕೇಳಲು ಹೋದಾಗ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಆಯ್ಕೆಗೆ ಎಡೆಯೇ ಇಲ್ಲದ ಸಂದರ್ಭಗಳು

ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಮಂಡಿಯ ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಸುಮಾರು ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಚುಚ್ಚುಮದ್ದು ಕೊಟ್ಟರೂ ನೋವು ಏರುತ್ತಲೇ ಇದ್ದು, ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದರೆ ಮೀನಖಂಡದಲ್ಲಿ ಜೀವ ಹೋಗುವಂತಾದರೆ, ಸ್ನಾಯುಗಳ ಒಳಗೆ ಒತ್ತಡ ಏರುತ್ತಿದೆ ಎಂದರ್ಥ. ಆಗ ಚರ್ಮ ಮತ್ತು ಒಳಪೊರೆಯನ್ನು ಉದ್ದಕ್ಕೆ ಬಿಡಿಸಿ ಒತ್ತಡ ಇಳಿಸಬೇಕು, ಅದೂ ತಕ್ಷಣ. ಎಲುಬು ಚರ್ಮ ಸೀಳಿ ಹೊರಬಂದಿದ್ದರೂ ಅಷ್ಟೇ ತುರ್ತು. ಇಂಥಲ್ಲಿ ಪ್ಲೇಟೋ ರಿಂಗೋ ಎಂಬ ಮಾತೇ ಬೇಡ. 108ಕ್ಕೆ ಕರೆ ಮಾಡಿ, ಕಾಲನ್ನು ಇದ್ದ ಹಾಗೆಯೇ ಹಲಗೆಗೆ ಕಟ್ಟಿ ಹೊರಡಿ. ದಾರಿಯಲ್ಲಿ ಊಟ, ಚಹಾ ಕೊಡಬೇಡಿ.

ನಾಟಿ ಕಟ್ಟಿನ ಬಗ್ಗೆಯೂ ಇಲ್ಲೇ ಹೇಳಬೇಕು. ಗಿಡಮೂಲಿಕೆ ಬಲ್ಲ ಹಿರಿಯರ ಮೇಲೆ ನಮ್ಮ ಜಿಲ್ಲೆಯ ಜನರಿಗೆ ನಂಬಿಕೆ ಬಹಳ, ನನಗೂ ಆ ಹಿರಿಯರ ಮೇಲೆ ಗೌರವವಿದೆ. ಆದರೆ ಮಂಡಿಯ ಬಳಿ ಊದುತ್ತಿರುವ ಕಾಲಿಗೆ ಬಿದಿರ ಸೀಳು ಇಟ್ಟು ಬಿಗಿಯಾಗಿ ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊರಗಿನದೂ ಸೇರುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

ತೂಗುವ ಮೊದಲು ಬೇಕಾದ ಅಳತೆಗಳು

ಮೇಲಿನ ಯಾವ ತುರ್ತೂ ಇಲ್ಲ, ರಕ್ತ ಹರಿಯುತ್ತಿದೆ, ಚರ್ಮ ಹರಿದಿಲ್ಲ ಎಂದಾದರೆ ನಿಮಗೆ ಸಮಯವಿದೆ. ಇದನ್ನು ಜನ ನಂಬುವುದೇ ಇಲ್ಲ. ಆ ರಾತ್ರಿಯೇ ಆಪರೇಷನ್ ಆಗಬೇಕು ಎಂದು ಹಟ ಹಿಡಿಯುತ್ತಾರೆ. ನಿಜವಾಗಿ ಈ ಮುರಿತಗಳಲ್ಲಿ ಅನೇಕ ಸಲ ಒಂದೆರಡು ವಾರ ಕಾಯುವುದೇ ಒಳ್ಳೆಯ ಚಿಕಿತ್ಸೆಯ ಭಾಗ.

ಕಾರಣ ಚರ್ಮ. ಮುರಿದ ಮೂರನೆಯ ದಿನ ಆ ಕಾಲನ್ನು ಹತ್ತಿರದಿಂದ ನೋಡಿ. ಚರ್ಮ ಬಿಗಿದು, ಬದನೆಕಾಯಿಯ ಹಾಗೆ ಮಿರಮಿರನೆ ಹೊಳೆಯುತ್ತಿರುತ್ತದೆ. ಕೆಲವರಿಗೆ ನೀರುಗುಳ್ಳೆ ಏಳುತ್ತದೆ, ಕೆಲವರಿಗೆ ಕಪ್ಪು ರಕ್ತದ ಗುಳ್ಳೆ. ಮಂಡಿಯ ಕೆಳಗೆ ಎಲುಬಿನ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ತೆಳು. ಅಂಥ ಚರ್ಮವನ್ನು ಕೊಯ್ದು ಪ್ಲೇಟ್ ಕೂರಿಸಿದರೆ ಗಾಯದ ಅಂಚು ಕೂಡುವುದಿಲ್ಲ, ಕೀವು ಕಟ್ಟುತ್ತದೆ. ಅವಸರದಲ್ಲಿ, ಬಿದ್ದ ರಾತ್ರಿಯೇ ಒಂದು ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿಸಿಕೊಂಡು ಬಂದ ಒಬ್ಬರ ಕಾಲನ್ನು ನಾನು ನೋಡಿದ್ದೇನೆ. ಹೊಲಿಗೆಯ ಸಂದಿನಲ್ಲಿ ಲೋಹ ಬೆಳ್ಳಗೆ ಕಾಣುತ್ತಿತ್ತು. ಆಮೇಲೆ ಅವರಿಗೆ ಇನ್ನೂ ಮೂರು ಆಪರೇಷನ್ ಆದವು. ಬಾವು ಇಳಿಯುತ್ತ ಬಂದಂತೆ, ಹೆಚ್ಚಾಗಿ ಒಂದರಿಂದ ಎರಡು ವಾರದಲ್ಲಿ, ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಕೂಡಿಸಿದರೆ ಹಾಲಿನ ಕೆನೆಯಂತೆ ಸಣ್ಣ ಸುಕ್ಕು ಏಳುತ್ತದೆ. ಒಳ್ಳೆಯ ವೈದ್ಯರು ಕಾಯುವುದು ಆ ಸುಕ್ಕಿಗಾಗಿ. ಹಾಗೆಂದು ತಿಂಗಳುಗಟ್ಟಲೆ ಕಾಯುವಂತಿಲ್ಲ. ಮೂರು ವಾರ ದಾಟಿದರೆ ತುಂಡುಗಳು ಅಡ್ಡಾದಿಡ್ಡಿಯಾಗಿಯೇ ಅಂಟಿಕೊಳ್ಳತೊಡಗುತ್ತವೆ, ಅವನ್ನು ಬಿಡಿಸಿ ಜೋಡಿಸುವುದು ಕಷ್ಟವಾಗುತ್ತದೆ.

ಎರಡನೆಯ ಅಳತೆ ಕೀಲಿನ ಮೇಲ್ಮೈ ಮತ್ತು ಕಾಲಿನ ನೇರ. ಮೇಲ್ಮೈಯಲ್ಲಿ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿನ ಮೆಟ್ಟಿಲು ಉಳಿಯಬಾರದು ಎಂದು ವೈದ್ಯರು ನೋಡುತ್ತಾರೆ. ಅದಕ್ಕಿಂತಲೂ ಮುಖ್ಯವಾದದ್ದು ತೊಡೆಯಿಂದ ಪಾದದವರೆಗಿನ ನೇರ. ಕಾಲು ಒಳಕ್ಕೋ ಹೊರಕ್ಕೋ ವಾಲಿ ಕೂಡಿದರೆ ಒಂದೇ ಬದಿಯ ಮೇಲೆ ಭಾರ ಬಿದ್ದು ಕೀಲು ಬೇಗ ಸವೆಯುತ್ತದೆ. ಇದನ್ನು ಅಳೆಯಲು ಬರೇ ಎಕ್ಸ್‌ರೇ ಸಾಲದು, ಸಿಟಿ ಸ್ಕ್ಯಾನ್ ಬೇಕು. ಹಣ ಉಳಿಸಲು ಸ್ಕ್ಯಾನ್ ಬಿಡುತ್ತೇವೆ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಎಕ್ಸ್‌ರೇಯಲ್ಲಿ ಒಂದು ಗೀರಾಗಿ ಕಂಡದ್ದು ಸ್ಕ್ಯಾನಿನಲ್ಲಿ ನಾಲ್ಕು ತುಂಡಾಗಿ ಕಂಡದ್ದುಂಟು.

ಮೂರನೆಯದು ಆ ಮಂಡಿ ಮುಂದೆ ಮಾಡಬೇಕಾದ ಕೆಲಸ. ಸಪಾಟು ನೆಲದಲ್ಲಿ ನಡೆಯಲು 60ರಿಂದ 70 ಡಿಗ್ರಿ ಮಡಿಸಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು, ಕುರ್ಚಿಯಿಂದ ಏಳಲು 90ರಿಂದ 105 ಬೇಕು. ಕುಕ್ಕರಗಾಲಲ್ಲಿ ಕೂರಲು 120 ದಾಟಬೇಕು. ಹಿತ್ತಿಲ ಶೌಚಾಲಯ, ಅಡಿಕೆ ಸುಲಿಯುವ ಮಣೆ, ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಬಿಡಿಸುತ್ತ ಕೂರುವ ಕೆಲಸ, ಎಲ್ಲವೂ ಈ ಕೊನೆಯ ಅಂಕಿ ಬೇಡುತ್ತವೆ. "ನಾನು ಇಂಥ ಕೆಲಸಕ್ಕೆ ಮರಳಬೇಕು" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರಾಗಿ ಊಹಿಸಲಾರರು.

ಇನ್ನು ಎಲುಬಿನ ಗಟ್ಟಿತನ, ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಕೀವಿನ ಭಯ ಹೆಚ್ಚು. ನಿಕೋಟಿನ್ ಎಲುಬು ಕೂಡುವುದನ್ನೂ ಗಾಯ ಮಾಯುವುದನ್ನೂ ತಡಮಾಡುತ್ತದೆ. ವೈದ್ಯರಿಂದ ಇದನ್ನು ಮುಚ್ಚಿಟ್ಟರೆ ಅವರ ಲೆಕ್ಕವೇ ತಪ್ಪುತ್ತದೆ.

ಕೊನೆಯದಾಗಿ ಮನೆ. ನನ್ನ ಮಟ್ಟಿಗೆ ಇದು ಲೋಹಕ್ಕಿಂತ ದೊಡ್ಡ ಪ್ರಶ್ನೆ. ಆಸ್ಪತ್ರೆಗೆ ಎಷ್ಟು ದೂರ? ಮೂರು ತಿಂಗಳಲ್ಲಿ ಎಷ್ಟು ಸಲ ಹೋಗಬೇಕು? ಬಚ್ಚಲು ಮನೆಯೊಳಗಿದೆಯೋ ಹೊರಗಿದೆಯೋ? ದಿನವೂ ಕಾಲು ನೋಡಿಕೊಳ್ಳಲು ಯಾರಿದ್ದಾರೆ? ಪ್ರತಿ ಆಯ್ಕೆಯನ್ನೂ ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಬೇಕು.

ಪ್ಲಾಸ್ಟರ್ ಅಥವಾ ಬ್ರೇಸ್

ತುಂಡು ಜರುಗಿಲ್ಲ, ಕಾಲು ನೇರವಿದೆ ಎಂದಾದರೆ ಆಪರೇಷನ್ ಇಲ್ಲದೆಯೇ ಗುಣವಾಗುತ್ತದೆ. ಖರ್ಚು ಕಡಿಮೆ, ಕೀವಿನ ಭಯವಿಲ್ಲ. ತೊಂದರೆ ಎಂದರೆ ಮಂಡಿ ಬಿಗಿದುಕೊಳ್ಳುವುದು. ಆದ್ದರಿಂದ ಉದ್ದದ ಪ್ಲಾಸ್ಟರಿಗಿಂತ, ಮಡಿಸಲು ಬರುವ ಬ್ರೇಸ್ ಸಿಗುತ್ತದೆಯೇ ಎಂದು ಕೇಳಿ. ಮೊದಲ ಮೂರು ವಾರ ವಾರವಾರವೂ ಎಕ್ಸ್‌ರೇ ಆಗಲೇಬೇಕು, ತುಂಡು ಜರುಗಿದರೆ ಆಗಲೇ ತಿಳಿಯಬೇಕು. ಜರುಗಿದ ಮುರಿತಕ್ಕೆ "ಆಪರೇಷನ್ ಭಯ, ಪ್ಲಾಸ್ಟರ್ ಸಾಕು" ಎನ್ನುವವರಿದ್ದಾರೆ. ಮನೆಯಲ್ಲಿ ದುಡಿಯುವ ವಯಸ್ಸಿನವರಾದರೆ ಅದು ದುಬಾರಿಯ ಉಳಿತಾಯ. ಹಾಸಿಗೆ ಹಿಡಿದ, ಅರಿವಳಿಕೆ ತಡೆಯಲಾರದ ಹಿರಿಯರಿಗೆ ಮಾತ್ರ ಅದು ಕೆಲವೊಮ್ಮೆ ಸರಿಯಾದ ತೀರ್ಮಾನ.

ಸಣ್ಣ ರಂಧ್ರದಿಂದ ಸ್ಕ್ರೂ

ಒಂದೇ ಬದಿ ಸೀಳಿ, ಮೇಲ್ಮೈ ಹೆಚ್ಚು ಕುಸಿಯದಿದ್ದರೆ ಚರ್ಮದ ಸಣ್ಣ ಗಾಯದಲ್ಲೇ ಸ್ಕ್ರೂ ಹಾಕುತ್ತಾರೆ. ಕೆಲವೆಡೆ ಆರ್ತ್ರೋಸ್ಕೋಪಿಯ ಕ್ಯಾಮೆರಾ ಇಳಿಸಿ ಮೇಲ್ಮೈ ಸರಿಯಾಗಿ ಕೂತಿತೇ, ಒಳಗಿನ ಕುಶನ್ ಹರಿದಿದೆಯೇ ಎಂದೂ ನೋಡುತ್ತಾರೆ. ಒಂದನೆಯ, ಮೂರನೆಯ ಬಗೆಗೆ ಚೆನ್ನ. ಐದು, ಆರಕ್ಕೆ ಇದರ ಆಸೆ ಇಟ್ಟುಕೊಳ್ಳಬೇಡಿ.

ಪ್ಲೇಟ್

ಹೊನ್ನಾವರದ ಹುಡುಗನಿಗೆ ಆದದ್ದು ಇದು. ಒಂಬತ್ತು ದಿನ ಕಾಲನ್ನು ಎತ್ತರದಲ್ಲಿಟ್ಟು ಬಾವು ಇಳಿಸಿ, ಹೊರಬದಿಯಲ್ಲಿ ಕೊಯ್ದು, ಕುಸಿದ ಮೇಲ್ಮೈಯನ್ನು ಕೆಳಗಿನಿಂದ ಎತ್ತಿದರು. ಎತ್ತಿದ ಮೇಲೆ ಕೆಳಗೆ ಟೊಳ್ಳು ಉಳಿಯುತ್ತದೆ. ಅದಕ್ಕೆ ಸೊಂಟದ ಎಲುಬಿನಿಂದ ತೆಗೆದ ಚೂರನ್ನೋ ಸಿದ್ಧ ಎಲುಬಿನ ಪುಡಿಯನ್ನೋ ತುಂಬಿ, ಪಕ್ಕದಲ್ಲಿ ಪ್ಲೇಟ್ ಆನಿಸುತ್ತಾರೆ. ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆ ಪ್ಲೇಟಿನೊಳಗೇ ತಿರುಚಿ ಕೂರುವುದರಿಂದ ಮೆತ್ತಗಿನ ಎಲುಬಿನಲ್ಲೂ ಹಿಡಿತ ಸಿಗುತ್ತದೆ.

ಪ್ಲೇಟಿನ ದೊಡ್ಡ ಗುಣ, ಕೀಲಿನ ಮೇಲ್ಮೈಯನ್ನು ಕಣ್ಣಿಂದ ನೋಡಿ ಕೂರಿಸಬಹುದು, ಮತ್ತು ಕೆಲವೇ ದಿನಗಳಲ್ಲಿ ಮಂಡಿ ಮಡಿಸಲು ಶುರು ಮಾಡಬಹುದು. ಹೊರಗೆ ಏನೂ ಕಾಣುವುದಿಲ್ಲ, ಬಟ್ಟೆ ಹಾಕಲು, ಮಲಗಲು ಅಡ್ಡಿಯಿಲ್ಲ. ಆದರೆ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರ ಕಾಲಿಗೆ ಭಾರ ಕೊಡುವಂತಿಲ್ಲ. ಇದನ್ನು ಮರೆಯಬೇಡಿ: ಮಡಿಸಬೇಕು, ಊರಬಾರದು. ನಮ್ಮ ಹುಡುಗ ಇವೆರಡನ್ನೂ ತಲೆಕೆಳಗು ಮಾಡಿದ. ಪ್ಲೇಟ್ ಕಿತ್ತುಬಂದೀತು ಎಂದು ಹೆದರಿ ಐದು ವಾರ ಮಂಡಿಯನ್ನು ಕೋಲಿನಂತೆ ಇಟ್ಟುಕೊಂಡ, ಬಚ್ಚಲಿಗೆ ಹೋಗುವಾಗ ಮಾತ್ರ ಕದ್ದು ಕಾಲೂರಿದ. ನನ್ನಲ್ಲಿಗೆ ಬಂದಾಗ 35 ಡಿಗ್ರಿ ಮಡಿಸುತ್ತಿದ್ದ. ಅದನ್ನು 115ಕ್ಕೆ ತರಲು ಏಳು ತಿಂಗಳು ಹಿಡಿಯಿತು. ಅವನ ತಾಯಿ ದಿನವೂ ಅವನ ಹಿಮ್ಮಡಿಯ ಕೆಳಗೆ ಬಟ್ಟೆ ಇಟ್ಟು ನುಣುಪು ನೆಲದ ಮೇಲೆ ಹಿಂದಕ್ಕೆ ಜಾರಿಸುತ್ತ, ತಲುಪಿದ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಆ ಗೆರೆಗಳ ಫೋಟೊ ನನ್ನ ಬಳಿ ಈಗಲೂ ಇದೆ.

ಎರಡೂ ಬದಿ ಒಡೆದಾಗ ಎರಡು ಪ್ಲೇಟ್, ಎರಡು ಗಾಯ ಬೇಕಾಗುತ್ತದೆ. ಆಗ ಚರ್ಮದ ಮೇಲಿನ ಹೊರೆಯೂ ಇಮ್ಮಡಿ. ಅದಕ್ಕಾಗಿಯೇ ಎರಡು ಹಂತದ ದಾರಿ ಇದೆ. ಮೊದಲ ದಿನ ಮಂಡಿಯ ಮೇಲೆ, ಕೆಳಗೆ ಪಿನ್ ಹಾಕಿ ಹೊರಗಿನಿಂದ ಕಂಬಿ ಕಟ್ಟಿ ಕಾಲನ್ನು ನೇರವಾಗಿ ಹಿಡಿದಿಡುತ್ತಾರೆ. ಬಾವು ಇಳಿದ ಮೇಲೆ ಕಂಬಿ ತೆಗೆದು ಪ್ಲೇಟ್. "ಎರಡು ಸಲ ಆಪರೇಷನ್ ಮಾಡಿ ಬಿಲ್ ಏರಿಸುತ್ತಾರೆ" ಎಂದು ದೂರುವುದನ್ನು ಕೇಳಿದ್ದೇನೆ. ಭಾರೀ ಮುರಿತದಲ್ಲಿ ಇದು ಎಚ್ಚರಿಕೆಯ ವೈದ್ಯರ ಲಕ್ಷಣ. ಹತ್ತಿರದ ಆಸ್ಪತ್ರೆಯಲ್ಲಿ ಕಂಬಿ ಹಾಕಿಸಿಕೊಂಡು, ಎರಡನೆಯ ಹಂತಕ್ಕೆ ದೊಡ್ಡ ಆಸ್ಪತ್ರೆಗೆ ಹೋಗುವ ಅನುಕೂಲವೂ ಇದರಲ್ಲಿದೆ. ಆದರೆ ಪಿನ್ ಹಾಕುವ ಮೊದಲೇ, ಮುಂದೆ ಪ್ಲೇಟ್ ಬರುವ ಜಾಗ ಬಿಟ್ಟು ಹಾಕಬೇಕೆಂದು ಇಬ್ಬರು ವೈದ್ಯರೂ ಮಾತಾಡಿಕೊಂಡರೆ ಒಳ್ಳೆಯದು.

ಸ್ಟೀಲೋ ಟೈಟಾನಿಯಮ್ಮೋ ಎಂಬುದಕ್ಕೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟೀಲ್ ಅಗ್ಗ, ಗಟ್ಟಿ. ಎರಡರಲ್ಲೂ ಎಲುಬು ಕೂಡುತ್ತದೆ. ಆ ವ್ಯತ್ಯಾಸದ ಹಣವನ್ನು ಸಿಟಿ ಸ್ಕ್ಯಾನಿಗೂ ಫಿಸಿಯೋಥೆರಪಿಗೂ ಎತ್ತಿಡಿ ಎಂಬುದು ನನ್ನ ಸಲಹೆ.

ರಿಂಗ್

ಸೈಬೀರಿಯಾದ ಕುರ್ಗಾನಿನಲ್ಲಿ ಗವ್ರಿಲ್ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನ. ಕಾಲಿನ ಸುತ್ತ ಲೋಹದ ಬಳೆಗಳು, ಅವುಗಳಿಂದ ಎಲುಬಿನೊಳಗೆ ಹಾಯುವ ತೆಳು ತಂತಿಗಳು. ದೊಡ್ಡ ಗಾಯವಿಲ್ಲ. ಚರ್ಮ ಕೆಟ್ಟಾಗ, ಗುಳ್ಳೆ ಎದ್ದಾಗ, ಎಲುಬು ಪುಡಿಪುಡಿಯಾದಾಗ ಇದರ ಬೆಲೆ ತಿಳಿಯುತ್ತದೆ. ಅನೇಕರಿಗೆ ಸ್ವಲ್ಪ ಸ್ವಲ್ಪ ಭಾರವನ್ನೂ ಬೇಗ ಕೊಡಿಸುತ್ತಾರೆ. ಕೆನಡಾದಲ್ಲಿ ಎರಡೂ ಬದಿ ಒಡೆದವರನ್ನು ಪ್ಲೇಟ್ ಮತ್ತು ರಿಂಗ್ ಎಂದು ಎರಡು ಗುಂಪು ಮಾಡಿ ಹೋಲಿಸಿ, 2006 ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ಹೊತ್ತಿಗೆ ಕಾಲಿನ ಕೆಲಸದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ರಿಂಗಿನವರಲ್ಲಿ ರಕ್ತ ಹೋದದ್ದೂ ಆಸ್ಪತ್ರೆಯಲ್ಲಿ ಉಳಿದ ದಿನಗಳೂ ಕಡಿಮೆ. ಹಾಗಾಗಿ ರಿಂಗ್ ಎಂದರೆ "ಬಡವರಿಗೆ ಹಾಕುವುದು" ಎಂಬ ಮಾತು ಶುದ್ಧ ತಪ್ಪು.

ಆದರೆ ರಿಂಗಿನ ಬೆಲೆಯನ್ನು ಮನೆಯವರು ತೆರಬೇಕಾಗುತ್ತದೆ. ಮೂರು ನಾಲ್ಕು ತಿಂಗಳು ಅದನ್ನು ಹೊತ್ತಿರಬೇಕು. ಮಗ್ಗುಲಾಗಲು ಕಷ್ಟ. ತಂತಿ ಚರ್ಮ ಹೊಗುವ ಜಾಗದಲ್ಲಿ ಕೀವಾಗುವುದು ಸಾಮಾನ್ಯ. ಬಹುಪಾಲು ಮಾತ್ರೆಗೆ ಇಳಿಯುತ್ತದೆ, ಆದರೆ ಗಮನಿಸದೆ ಬಿಟ್ಟರೆ ಎಲುಬಿಗೂ ಇಳಿಯಬಹುದು.

ನಮ್ಮ ಕೊನೆಗೌಡ ರಿಂಗನ್ನೇ ಆರಿಸಿಕೊಂಡ. ಎರಡೂ ಬದಿ ಒಡೆದಿತ್ತು, ಹತ್ತು ದಿನವಾದರೂ ರಕ್ತಗುಳ್ಳೆ ಒಣಗಿರಲಿಲ್ಲ, ಬೀಡಿ ಸೇದುತ್ತಿದ್ದ. ವೈದ್ಯರು ಪ್ಲೇಟ್ ಹಾಕಲು ಹಿಂಜರಿದದ್ದು ಸರಿಯೇ. ಅವನ ಪುಣ್ಯಕ್ಕೆ ಮನೆಯಲ್ಲಿ ನೋಡಿಕೊಳ್ಳುವ ಹೆಂಡತಿಯಿದ್ದಳು. ಕುದಿಸಿ ಆರಿಸಿದ ಉಪ್ಪುನೀರು, ಒಂದೊಂದು ತಂತಿಗೆ ಒಂದೊಂದು ಹೊಸ ಹತ್ತಿ. ಒಂದು ಕಡೆ ಒರೆಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿರಲಿಲ್ಲ. ಒರೆಸುತ್ತ "ಇವತ್ತು ಮೂರನೆಯದು ಕೆಂಪಾಗಿದೆ" ಎಂದು ಎಣಿಸಿ ಹೇಳುತ್ತಿದ್ದಳು. ಮಳೆಗಾಲದ ತೇವದಲ್ಲಿ ಬಟ್ಟೆಯೇ ಒಣಗದ ಊರು ಅದು. ರಿಂಗಿನ ಮೇಲೆ ಹೊದೆಸುವ ಪಂಚೆಯನ್ನು ಅಡಿಕೆ ಒಣಗಿಸುವ ಒಲೆಯ ಬಳಿ ಬೆಚ್ಚಗೆ ಮಾಡಿ ತರುತ್ತಿದ್ದಳು. ಹದಿನೇಳನೆಯ ವಾರ ರಿಂಗ್ ತೆಗೆದರು. ಮಂಡಿ 110ರವರೆಗೆ ಬಂತು. "ಅಕ್ಕಾ, ಮರ ಹತ್ತಬಹುದೇ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಹತ್ತಬಾರದು ಎಂದು ಹೇಳಲು ನನಗೆ ಗಂಟಲು ಕಟ್ಟುತ್ತಿತ್ತು. ಈಗ ಕೊಯ್ಲಿನ ಕಾಲದಲ್ಲಿ ಅವನು ಕೆಳಗೆ ನಿಂತು, ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿಯುತ್ತಾನೆ.

ಮನೆಯಲ್ಲಿ ಒಬ್ಬರೇ ಇರುವವರಿಗೆ, ಕಣ್ಣು ಮಂಜಾದ ಹಿರಿಯರಿಗೆ, ಗಾಯ ನೋಡಿದರೆ ತಲೆ ಸುತ್ತುವವರಿಗೆ ನಾನು ರಿಂಗ್ ಹೇಳುವುದಿಲ್ಲ, ಬೇರೆ ದಾರಿ ಇದ್ದರೆ.

ತೊಡೆಯೆಲುಬಿನ ಕೆಳತುದಿ: ಪ್ಲೇಟ್, ರಾಡ್, ಹೊಸ ಮಂಡಿ

ಹಿರಿಯರಲ್ಲಿ ಅಳತೆಗಳ ಕ್ರಮವೇ ಬದಲಾಗುತ್ತದೆ. ಎಷ್ಟು ಡಿಗ್ರಿ ಮಡಿಸುತ್ತಾರೆ ಎಂಬುದಕ್ಕಿಂತ, ಎಷ್ಟು ಬೇಗ ಹಾಸಿಗೆಯಿಂದ ಏಳುತ್ತಾರೆ ಎಂಬುದು ಮೊದಲ ಪ್ರಶ್ನೆ. ಮಲಗಿದಲ್ಲೇ ಮಲಗಿದರೆ ಬೆನ್ನಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಇವು ಮುರಿತಕ್ಕಿಂತ ಕೆಟ್ಟವು.

ಮುರಿತ ಕೀಲಿನಿಂದ ಸ್ವಲ್ಪ ಮೇಲಿದ್ದು, ಕೆಳಗಿನ ತುಂಡು ಸ್ಕ್ರೂ ಹಿಡಿಯುವಷ್ಟು ದೊಡ್ಡದಿದ್ದರೆ ಮಂಡಿಯ ಕಡೆಯಿಂದ ಎಲುಬಿನ ಒಳಗೆ ರಾಡ್ ಏರಿಸಬಹುದು. ರಾಡ್ ಎಲುಬಿನ ನಡುವೆಯೇ ಇರುವುದರಿಂದ ಭಾರ ತಾಳುವುದು ಹೆಚ್ಚು. ಮೇಲ್ಮೈ ಹಲವು ತುಂಡಾಗಿದ್ದರೆ ಪ್ಲೇಟೇ ವಾಸಿ. ಕೆಲವರಿಗೆ ಎರಡನ್ನೂ ಸೇರಿಸುತ್ತಾರೆ. ಎಲುಬು ಬೂದಿಯಂತಾಗಿ ಮೊದಲೇ ಮಂಡಿ ಸವೆದಿದ್ದರೆ ಕೀಲನ್ನೇ ಬದಲಿಸುವುದು ಮೂರನೆಯ ದಾರಿ. ಇದರಲ್ಲಿ ಎಲುಬು ಕೂಡುವವರೆಗೆ ಕಾಯಬೇಕಿಲ್ಲ, ಒಂದೆರಡು ದಿನದಲ್ಲೇ ಕಾಲೂರಿಸುತ್ತಾರೆ. ಆದರೆ ಮುರಿತಕ್ಕೆ ಹಾಕುವ ಕೀಲು ಸವೆತಕ್ಕೆ ಹಾಕುವ ಮಾಮೂಲಿ ಕೀಲಿಗಿಂತ ದೊಡ್ಡದು, ದುಬಾರಿ, ಪಳಗಿದ ಕೈ ಬೇಡುವಂಥದು. ಕೀವಾದರೆ ಬಿಡಿಸುವುದು ಬಹು ಕಷ್ಟ. ಐವತ್ತರ ಒಳಗಿನವರಿಗೆ, ಓಡಾಡಿ ದುಡಿಯುವವರಿಗೆ ಮೊದಲ ಏಟಿಗೇ ಇದನ್ನು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳದೆ ಒಪ್ಪಬೇಡಿ. ಮೇಲ್ಮೈ ಜೋಡಿಸಿದ ಮೇಲೂ ಕೆಲವರಿಗೆ ವರ್ಷಗಳ ನಂತರ ಸವೆತ ಬಂದು ಕೀಲು ಬದಲಿಸಬೇಕಾದೀತು, ಅದು ಬೇರೆ ಮಾತು.

ಕಾರವಾರದ ಅಜ್ಜಿಯ ಮಗಳು ನನಗೆ ಫೋನ್ ಮಾಡಿದಾಗ ಕೇಳಿದ್ದು, "ಅಮ್ಮನಿಗೆ ಹೊಸ ಮಂಡಿಯೇ ಹಾಕಿಸಿಬಿಡಲೇ, ಎಷ್ಟಾದರೂ ಆಗಲಿ." ಸ್ಕ್ಯಾನ್ ನೋಡಿದ ವೈದ್ಯರು ಕೀಲು ಕೆಟ್ಟಿಲ್ಲ, ರಾಡ್ ಸಾಕು ಎಂದರು. ಎರಡನೆಯ ವಾರ ಅಜ್ಜಿ ವಾಕರ್ ಹಿಡಿದು ದೇವರ ಕೋಣೆಯ ಬಾಗಿಲವರೆಗೆ ಹೋದರು. ಹೆಚ್ಚು ಹಣದ ಚಿಕಿತ್ಸೆಯೇ ಹೆಚ್ಚು ಪ್ರೀತಿಯ ಗುರುತು ಎಂದು ಮಕ್ಕಳು ತಿಳಿಯುವುದನ್ನು ಆಗಾಗ ನೋಡುತ್ತೇನೆ. ಹಾಗೆ ತಿಳಿಯಬೇಕಿಲ್ಲ.

ಎಲ್ಲಿ ಮಾಡಿಸುವುದು

ನಮ್ಮ ಜಿಲ್ಲೆಯ ನೋವು ಎಲ್ಲರಿಗೂ ಗೊತ್ತು. ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದೇವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತ ಆಂಬ್ಯುಲೆನ್ಸ್ ಉಡುಪಿ ಜಿಲ್ಲೆಯ ಶಿರೂರಿನ ಟೋಲ್ ಬಳಿ ಉರುಳಿ ಜೀವಗಳು ಹೋದದ್ದನ್ನು ನಾವು ಮರೆತಿಲ್ಲ. ಇವತ್ತಿನ ಮಟ್ಟಿಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮ್ಮ ಜಿಲ್ಲೆಯೊಳಗಿನ ದಾರಿ. ಹೊರಗೆ ಹೋಗುವುದಾದರೆ ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಭಟ್ಕಳದಿಂದ ಮಣಿಪಾಲ ಸುಮಾರು 90, ಕಾರವಾರದಿಂದ ಗೋವೆಯ ಬಾಂಬೋಳಿ ಹೆಚ್ಚುಕಡಿಮೆ 100. ಬಾಂಬೋಳಿಯಲ್ಲಿರುವ ಗೋವೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ 2018ರಿಂದ ಶುಲ್ಕವಿದೆ. ನಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ.

ಒಂದನೆಯ, ಎರಡನೆಯ ಬಗೆಯ ಮುರಿತಕ್ಕೆ, ಹಿರಿಯರ ರಾಡಿಗೆ, ಅನುಭವವಿರುವ ಎಲುಬು ವೈದ್ಯರು ಹತ್ತಿರದಲ್ಲಿದ್ದರೆ ದೂರ ಹೋಗಬೇಡಿ. ವಾರವಾರ ತೋರಿಸಲು ಅನುಕೂಲ. ನಾಲ್ಕು, ಐದು, ಆರು, ರಿಂಗ್, ಹೊಸ ಕೀಲು, ಇವಕ್ಕೆ ಇಂಥದ್ದನ್ನೇ ಪದೇ ಪದೇ ಮಾಡುವವರ ಬಳಿಗೆ ಹೋಗುವುದು ಸರಿ. ಆಗ ಮುಂದಿನ ಭೇಟಿಗಳ ಲೆಕ್ಕವನ್ನೂ ಮೊದಲೇ ಹಾಕಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಘಟ್ಟ ಹತ್ತಿ ಇಳಿಯುವ ಭೇಟಿ ತಪ್ಪಿದರೆ ರಿಂಗ್ ಬಿಗಿ ಮಾಡಿಸುವುದೂ ತಪ್ಪುತ್ತದೆ. ಕರಾವಳಿಯವರಾದರೆ ರೈಲನ್ನು ನೆನಪಿಡಿ. ಕಾಲು ಚಾಚಿ ಮಲಗಿ ಉಡುಪಿಗೆ ಹೋಗುವುದು ಬಸ್ಸಿನ ಮೆಟ್ಟಿಲಿಗಿಂತ ಎಷ್ಟೋ ಸುಲಭ.

ಹಣ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಖಾಸಗಿ ಆಸ್ಪತ್ರೆಗೆ ದಾಖಲಾದ ಮೇಲೆ ಅದಕ್ಕಾಗಿ ಓಡಾಡುವವರೇ ಹೆಚ್ಚು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ನೋಂದಾಯಿಸಿದ್ದರೆ ಅದನ್ನೂ ಕೇಳಿ. ರಸ್ತೆ ಅಪಘಾತವಾದರೆ ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ ನೆರವಿದೆ. ಅಪಘಾತದ ಎಫ್‌ಐಆರ್, ಗಾಯದ ಪ್ರಮಾಣಪತ್ರ, ಎಲ್ಲ ಬಿಲ್‌ಗಳ ಮೂಲಪ್ರತಿ ಜೋಪಾನ ಮಾಡಿ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಆಸ್ಪತ್ರೆ ಹೇಳುವ ಮೊತ್ತಕ್ಕೆ ಮೂರು ತಿಂಗಳ ವಾಹನ ಖರ್ಚು, ಜೊತೆಗಿರುವವರ ಕೂಲಿ ನಷ್ಟ, ಫಿಸಿಯೋಥೆರಪಿ ಇವನ್ನು ಸೇರಿಸಿ ಆಮೇಲೆ ಹೋಲಿಸಿ. ಅಗ್ಗ ದುಬಾರಿಗಳ ಸಾಲು ಆಗ ಬದಲಾಗುವುದುಂಟು.

ಬಾವು ಇಳಿಯುವ ಆ ವಾರವನ್ನು ಸುಮ್ಮನೆ ಕಳೆಯಬೇಡಿ. ಸಕ್ಕರೆ ಪರೀಕ್ಷೆ ಮಾಡಿಸಿ, ಬೀಡಿ ನಿಲ್ಲಿಸಿ, ಸ್ಕ್ಯಾನಿನ ಸಿಡಿ ಹಿಡಿದು ಮನೆಯವರೊಬ್ಬರು ಇನ್ನೊಬ್ಬ ವೈದ್ಯರನ್ನು ಕಂಡು ಬರಲಿ. ರೋಗಿಯನ್ನು ಹೊತ್ತು ಒಯ್ಯಬೇಕಿಲ್ಲ. ಕೇಳಬೇಕಾದ್ದು ಇಷ್ಟು: ಚರ್ಮ ಸಿದ್ಧವಾಗಿದೆಯೇ? ಯಾವಾಗಿನಿಂದ ಮಡಿಸಬಹುದು, ಯಾವಾಗಿನಿಂದ ಭಾರ ಕೊಡಬಹುದು? ಇಂಥ ಮುರಿತವನ್ನು ನೀವು ಎಷ್ಟು ಮಾಡುತ್ತೀರಿ? ಕೀವಾದರೆ ಮುಂದೇನು? ರಕ್ತ ಹೆಪ್ಪುಗಟ್ಟದಂತೆ ಮದ್ದು ಕೊಡುತ್ತೀರಾ? ಮನೆಗೆ ಹೋದ ಮೇಲೆ ಮೀನಖಂಡ ಊದಿ ನೋಯತೊಡಗಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮರುದಿನದ ಭೇಟಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಮುಂದೆ ನನಗೆ ಎಕ್ಸ್‌ರೇ ಕಳಿಸುವವರು ಜೊತೆಗೆ ಇನ್ನೆರಡು ಫೋಟೊ ಕಳಿಸಿ. ಮುರಿದ ಕಾಲಿನ ಚರ್ಮದ್ದು ಒಂದು, ಮಲಗುವ ಜಾಗದಿಂದ ಬಚ್ಚಲಿಗೆ ಹೋಗುವ ದಾರಿಯದ್ದು ಇನ್ನೊಂದು.